ಬೈಕಿನ ಸ್ಪೀಡೋಮೀಟರ್ ನಿಂತಿದೆಯೇ? ಕೇಬಲ್ ಕೊಳ್ಳುವ ಮುನ್ನ ದೋಷ ಹುಡುಕುವ ಕ್ರಮ

ಮುಳ್ಳು ಸೊನ್ನೆ ಬಿಟ್ಟು ಏಳುತ್ತಿಲ್ಲ ಎಂದಾಕ್ಷಣ ಹೆಚ್ಚಿನವರು ಅಂಗಡಿಗೆ ಹೋಗಿ ಹೊಸ ಕೇಬಲ್ ತಂದುಬಿಡುತ್ತಾರೆ. ಕೆಲವೊಮ್ಮೆ ಅಷ್ಟಕ್ಕೇ ಸರಿಹೋಗುತ್ತದೆ. ಆದರೆ ಹೊಸ ಕೇಬಲ್ ಕೆಲವೇ ವಾರಗಳಲ್ಲಿ ಕಡಿದುಹೋಯಿತು, ಬದಲಿಸಿದರೂ ಮುಳ್ಳು ಅಲುಗಲೇ ಇಲ್ಲ, ಪಂಕ್ಚರ್ ಹಾಕಿಸಿಕೊಂಡು ಬಂದ ದಿನದಿಂದ ಮೀಟರ್ ಓಡುತ್ತಿಲ್ಲ ಎಂಬ ಮೂರು ದೂರುಗಳು ಮತ್ತೆ ಮತ್ತೆ ಬರುತ್ತಲೇ ಇರುತ್ತವೆ. ಮೊದಲೆರಡಕ್ಕೆ ಕಾರಣ, ಚಕ್ರದಿಂದ ಮೀಟರಿನವರೆಗಿನ ದಾರಿಯಲ್ಲಿ ತಿರುಗಾಟ ಎಲ್ಲಿ ನಿಂತಿದೆ ಎಂದು ನೋಡದೆ ಬಿಡಿಭಾಗ ಬದಲಿಸುವುದು. ಮೂರನೆಯದಕ್ಕೆ ಕಾರಣ, ಚಕ್ರ ಕೂರಿಸುವಾಗಿನ ಅವಸರ. ಕೆಳಗಿನ ಕ್ರಮವನ್ನು ಮೇಲಿನಿಂದ ಕೆಳಕ್ಕೆ ಪಾಲಿಸಿ. ಇಲ್ಲಿ ಹೇಳಿದ ಹೊರತು ಮಧ್ಯದ ಹಂತಕ್ಕೆ ಹಾರಬೇಡಿ.

ಮೊದಲು ನಿಮ್ಮ ಬೈಕಿನಲ್ಲಿ ಇರುವುದು ಯಾವ ಬಗೆಯ ಮೀಟರ್ ಎಂದು ತಿಳಿದುಕೊಳ್ಳಿ. ಮುಂದಿನ ಚಕ್ರದ ಮಧ್ಯಭಾಗದಿಂದ, ಅಂದರೆ ಹಬ್‌ನಿಂದ, ಮೀಟರಿನ ಬುಡದವರೆಗೆ ಸುಮಾರು ಪೆನ್ಸಿಲ್ಲಿನಷ್ಟು ದಪ್ಪದ ಕಪ್ಪು ಕೇಬಲ್ ಹೋಗಿದ್ದರೆ ಅದು ಕೇಬಲ್ ಮೀಟರ್. ಅಲ್ಲಿಂದ ತೆಳು ವಿದ್ಯುತ್ ವೈರ್ ಮಾತ್ರ ಹೊರಟಿದ್ದರೆ, ಅಥವಾ ಮೀಟರಿನಲ್ಲಿ ವೇಗ ಅಂಕಿಯಲ್ಲಿ ಕಾಣುತ್ತಿದ್ದರೆ, ಅದು ಸೆನ್ಸರ್ ಮೀಟರ್. ಮುಳ್ಳು ಇದ್ದ ಮಾತ್ರಕ್ಕೆ ಕೇಬಲ್ ಮೀಟರ್ ಎಂದುಕೊಳ್ಳಬೇಡಿ. ಮುಳ್ಳಿರುವ ಸೆನ್ಸರ್ ಮೀಟರ್‌ಗಳೂ ಇವೆ. ಕೇಬಲ್ ಮೀಟರ್ ಇರುವವರು 1ರಿಂದ 6ನೆಯ ಹಂತದವರೆಗೆ ನೋಡಿ. ಸೆನ್ಸರ್ ಇರುವವರು ನೇರವಾಗಿ 7ನೆಯ ಹಂತಕ್ಕೆ ಬನ್ನಿ. ಕೊನೆಯ 8ನೆಯ ಹಂತ ಇಬ್ಬರಿಗೂ.

ಬೇಕಾಗುವ ಸಾಮಾನು

ನಕ್ಷತ್ರ ತಲೆಯ ಒಳ್ಳೆಯ ಸ್ಕ್ರೂಡ್ರೈವರ್, ಸ್ಪ್ಯಾನರ್ ಸೆಟ್, ಮೂತಿ ಚೂಪಾದ ಇಕ್ಕಳ, ಟಾರ್ಚ್, ಹಳೆಯ ಬಟ್ಟೆ, ಸೀಮೆಎಣ್ಣೆ ಅಥವಾ ಡೀಸೆಲ್, ಸ್ವಲ್ಪ ಲಿಥಿಯಂ ಗ್ರೀಸ್. ಮುಂದಿನ ಚಕ್ರ ಎತ್ತಲು ಒಂದು ಗಟ್ಟಿ ಮರದ ತುಂಡು. ಸೆನ್ಸರ್ ಬೈಕಿಗೆ ಇವುಗಳ ಜೊತೆ ಒಂದು ಮಲ್ಟಿಮೀಟರ್. ಕಡಿದ ಹಳೆಯ ಕೇಬಲ್ಲನ್ನು ಎಸೆಯಬೇಡಿ. ಅದರ ಒಳತಂತಿಯ ತುಂಡೇ ಮೀಟರ್ ಪರೀಕ್ಷಿಸುವ ಅತ್ಯುತ್ತಮ ಸಾಧನ.

ಹಂತ 1: ಏನೂ ಬಿಚ್ಚದೆ ಲಕ್ಷಣ ಓದಿ

ಮೀಟರಿನೊಳಗೆ ಎರಡು ಬೇರೆ ಬೇರೆ ಕೆಲಸ ನಡೆಯುತ್ತದೆ. ಕೇಬಲಿನ ಒಳತಂತಿ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದಕ್ಕೆ ತಾಗದಂತೆ ಕುಳಿತ ಅಲ್ಯೂಮಿನಿಯಂ ಬಟ್ಟಲು ಆ ಕಾಂತಸೆಳೆತಕ್ಕೆ ಸ್ವಲ್ಪ ತಿರುಗಿ ಮುಳ್ಳನ್ನು ಎಳೆಯುತ್ತದೆ. ಕೂದಲಿನಷ್ಟು ತೆಳುವಾದ ಸ್ಪ್ರಿಂಗ್ ಮುಳ್ಳನ್ನು ಸೊನ್ನೆಗೆ ಮರಳಿಸುತ್ತದೆ. ಕಿಲೋಮೀಟರ್ ಅಂಕಿಗಳು ಮಾತ್ರ ಅದೇ ತಂತಿಯಿಂದ ಹಲ್ಲುಚಕ್ರಗಳ ಮೂಲಕ ನೇರವಾಗಿ ಓಡುತ್ತವೆ. ಇಷ್ಟು ತಿಳಿದರೆ ಅರ್ಧ ದೋಷ ಸೀಟಿನ ಮೇಲೆ ಕುಳಿತೇ ಗೊತ್ತಾಗುತ್ತದೆ. ಖಾಲಿ ರಸ್ತೆಯಲ್ಲಿ ಒಂದೆರಡು ಕಿಲೋಮೀಟರ್ ನಿಧಾನವಾಗಿ ಓಡಿಸಿ, ಮುಳ್ಳು ಮತ್ತು ಅಂಕಿ ಎರಡನ್ನೂ ಗಮನಿಸಿ.

ಎರಡೂ ನಿಂತಿದ್ದರೆ ದೋಷ ಕೇಬಲಿನಲ್ಲಿ ಅಥವಾ ಚಕ್ರದ ಗೇರಿನಲ್ಲಿ. ತಿರುಗದೆ ಬಿಗಿಹಿಡಿದುಕೊಂಡ ಮೀಟರೇ ಕೇಬಲ್ಲನ್ನು ಕಡಿದಿರುವ ಸಾಧ್ಯತೆಯೂ ಇದೆ. ಇದನ್ನೇ ಎಲ್ಲರೂ ಮರೆಯುವುದು.

ಅಂಕಿ ಓಡುತ್ತಿದೆ, ಮುಳ್ಳು ಮಾತ್ರ ಏಳುತ್ತಿಲ್ಲ ಎಂದರೆ ಕೇಬಲ್ ಚೆನ್ನಾಗಿದೆ. ದೋಷ ಮೀಟರಿನ ಒಳಗೆ. ಇಂಥವರು ಎಷ್ಟು ಕೇಬಲ್ ಬದಲಿಸಿದರೂ ಪ್ರಯೋಜನವಿಲ್ಲ. ಮುಳ್ಳು ಏಳುತ್ತಿದೆ, ಅಂಕಿ ನಿಂತಿದೆ ಎಂದರೂ ಅಷ್ಟೇ: ಮೀಟರಿನೊಳಗಿನ ಪುಟ್ಟ ಪ್ಲಾಸ್ಟಿಕ್ ಹಲ್ಲುಚಕ್ರ ಸವೆದಿದೆ ಅಥವಾ ಒಡೆದಿದೆ.

ಮುಳ್ಳು ಒಂದೇ ಸಮ ವೇಗದಲ್ಲೂ ಅತ್ತಿತ್ತ ಜಿಗಿಯುತ್ತಿದ್ದರೆ ಒಳತಂತಿ ಒಣಗಿದೆ, ಇಲ್ಲವೇ ಕೇಬಲ್ ಎಲ್ಲೋ ಮುರಿದಂತೆ ಬಾಗಿದೆ. ಮುಳ್ಳು ಒಮ್ಮೆಲೇ ಕೊನೆಯ ಅಂಕಿಗೆ ಹೋಗಿ ಅಲ್ಲೇ ನಿಂತರೆ ಬಟ್ಟಲು ಅಯಸ್ಕಾಂತಕ್ಕೆ ಅಂಟಿಕೊಂಡಿದೆ. ಗ್ರೀಸ್ ಅಥವಾ ತುಕ್ಕು ಒಳಹೊಕ್ಕಿದೆ ಎಂದರ್ಥ. ಆಗ ಓಡಿಸುವುದನ್ನು ಮುಂದುವರಿಸಿದರೆ ಸ್ಪ್ರಿಂಗ್ ಹಾಳಾಗುತ್ತದೆ. ಮನೆಗೆ ತಲುಪುವಷ್ಟರ ಮಟ್ಟಿಗೆ ಕೇಬಲಿನ ಮೇಲ್ತುದಿ ಬಿಚ್ಚಿ, ಹ್ಯಾಂಡಲಿಗೂ ಚಕ್ರಕ್ಕೂ ಸಿಗದಂತೆ ಕಟ್ಟಿಡಿ.

ಮೀಟರ್ ನಿಲ್ಲುವ ಮೊದಲು ಬಹುತೇಕ ಯಾವಾಗಲೂ ಎಚ್ಚರಿಕೆ ಸಿಗುತ್ತದೆ. ತಣ್ಣನೆಯ ಬೆಳಗಿನಲ್ಲಿ ಹೊರಟಾಗ ಮೀಟರಿನ ಕಡೆಯಿಂದ ಕಿರ್‌ಗುಟ್ಟುವ ಸದ್ದು, ನಿಧಾನ ವೇಗದಲ್ಲಿ ಮುಳ್ಳಿನ ನಡುಕ, ಬೈಕ್ ನಿಂತ ಮೇಲೂ ಮುಳ್ಳು ತಡವಾಗಿ ಕೆಳಗಿಳಿಯುವುದು. ಈ ಹೊತ್ತಿಗೇ ಕೇಬಲ್ ತೊಳೆದು ಗ್ರೀಸ್ ಹಾಕಿದರೆ ಮೀಟರ್ ಉಳಿಯುತ್ತದೆ.

ಹಂತ 2: ಮೇಲ್ತುದಿ ಬಿಚ್ಚಿ ಚಕ್ರ ತಿರುಗಿಸಿ

ಇಡೀ ಕೆಲಸದ ತಿರುಳು ಈ ಹಂತದಲ್ಲಿದೆ. ಬೈಕನ್ನು ಸಮತಟ್ಟಾದ ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಒಬ್ಬರು ಹಿಂಬದಿಯನ್ನು ಒತ್ತಿ ಹಿಡಿದರೆ ಮುಂದಿನ ಚಕ್ರ ನೆಲ ಬಿಡುತ್ತದೆ. ಒಬ್ಬರೇ ಇದ್ದರೆ ಇಂಜಿನ್ ಅಡಿಯ ಗಟ್ಟಿ ಜಾಗಕ್ಕೆ ಮರದ ತುಂಡು ಕೊಡಿ. ಸೈಲೆನ್ಸರ್ ಪೈಪಿಗಾಗಲಿ ಆಯಿಲ್ ಬಿಡುವ ಬೋಲ್ಟಿಗಾಗಲಿ ಭಾರ ಬೀಳಬಾರದು.

ಮೀಟರಿನ ಬುಡದ ನಟ್ಟನ್ನು ಸಡಿಲಿಸಿ ಕೇಬಲ್ ಹೊರತೆಗೆಯಿರಿ. ಕೆಲವು ಬೈಕುಗಳಲ್ಲಿ ಕೈ ತೂರಿಸಲು ಮೊದಲು ಹೆಡ್‌ಲೈಟ್ ಡೂಮ್ (ಹೊರಕವಚ) ಬಿಚ್ಚಬೇಕಾಗುತ್ತದೆ. ಈಗ ಚಕ್ರವನ್ನು ಮುಂದಕ್ಕೆ ನಿಧಾನವಾಗಿ ತಿರುಗಿಸುತ್ತಾ ಕೇಬಲಿನ ಬಾಯಲ್ಲಿ ಕಾಣುವ ಒಳತಂತಿಯ ಚೌಕ ತುದಿಯನ್ನು ನೋಡಿ.

ಅದು ತಡೆಯಿಲ್ಲದೆ ಒಂದೇ ಸಮನೆ ತಿರುಗುತ್ತಿದ್ದರೆ ಕೇಬಲ್, ಗೇರ್ ಎರಡೂ ಸರಿಯಿವೆ. 5ನೆಯ ಹಂತಕ್ಕೆ ಹೋಗಿ. ತಿರುಗದಿದ್ದರೆ 3ನೆಯ ಹಂತ. ತಿರುಗುತ್ತಿದೆ, ಆದರೆ ತುದಿಯನ್ನು ಬೆರಳಲ್ಲಿ ಮೃದುವಾಗಿ ಹಿಡಿದರೆ ಸಾಕು, ನಿಂತುಬಿಡುತ್ತದೆ ಎಂದಾದರೆ ಕೆಳಗೆ ಚೌಕ ಅಥವಾ ಗೇರ್ ಸವೆದು ಜಾರುತ್ತಿದೆ. ಹಲವರು ಇದನ್ನು ಸರಿಯಿದೆ ಎಂದೇ ಲೆಕ್ಕ ಹಾಕಿ ಮೀಟರ್ ಬದಲಿಸಲು ಹೊರಡುತ್ತಾರೆ. ದಯವಿಟ್ಟು ಬೆರಳ ಪರೀಕ್ಷೆ ಬಿಡಬೇಡಿ.

ಹಂತ 3: ಕೇಬಲ್ ಹೊರತೆಗೆದು ಕಡಿದ ಜಾಗ ಓದಿ

ಕೆಳತುದಿ ಬ್ರೇಕ್ ಪ್ಲೇಟಿಗೆ (ಡ್ರಮ್ ಬ್ರೇಕಿನ ಮುಚ್ಚಳ) ಅಥವಾ ಆಕ್ಸಲ್ (ಚಕ್ರದ ಅಚ್ಚು) ಮೇಲಿನ ಗೇರ್ ಡಬ್ಬಿಗೆ ಸೇರಿರುತ್ತದೆ. ಕೆಲವು ಬೈಕುಗಳಲ್ಲಿ ಅದನ್ನು ಒಂದೇ ಒಂದು ಸ್ಕ್ರೂ ಹಿಡಿದಿರುತ್ತದೆ, ಕೆಲವಲ್ಲಿ ನಟ್ಟು. ಮಳೆ, ಕೆಸರು, ಕರಾವಳಿಯ ಉಪ್ಪುಗಾಳಿಗೆ ಆ ಸ್ಕ್ರೂ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಸ್ವಲ್ಪ ಹೊತ್ತು ಬಿಡಿ. ಸವೆದ ಸ್ಕ್ರೂಡ್ರೈವರಿನಿಂದ ಬಲವಂತ ಮಾಡಿದರೆ ತಲೆಯ ಗೆರೆ ಅಳಿಸಿಹೋಗಿ ಐದು ನಿಮಿಷದ ಕೆಲಸ ಇಡೀ ದಿನ ಹಿಡಿಯುತ್ತದೆ.

ಹೊರಬಂದ ಒಳತಂತಿಯನ್ನು ಬಟ್ಟೆಯಲ್ಲಿ ಒರೆಸಿ ಬೆಳಕಿನಲ್ಲಿ ನೋಡಿ. ಕಡಿದ ತುದಿಯ ಎಳೆಗಳು ಹುರಿ ಬಿಚ್ಚಿದ ಹಗ್ಗದಂತೆ ಸುರುಳಿಸುರುಳಿಯಾಗಿ ತೆರೆದುಕೊಂಡಿದ್ದರೆ ಚಕ್ರ ತಿರುಗಿಸುತ್ತಲೇ ಇತ್ತು, ಮೇಲೆ ಏನೋ ತಡೆಹಿಡಿದಿತ್ತು ಎಂದರ್ಥ. ಮೀಟರ್ ಬಿಗಿಯಾಗಿರುವ ಸಂಶಯ ಇಲ್ಲಿಯೇ ಬಲವಾಗಬೇಕು. ತುಂಡಾದ ಜಾಗ ಕಂದುಬಣ್ಣಕ್ಕೆ ತಿರುಗಿ ಸುತ್ತಲೂ ತುಕ್ಕಿದ್ದರೆ ನೀರು ಹೊಕ್ಕಿದೆ. ನಡುವೆ ಕಡಿದಿದ್ದು ಅದೇ ಜಾಗದಲ್ಲಿ ಹೊರಕವಚವೂ ಮಡಿಚಿದ ಗುರುತಿದ್ದರೆ ಕೇಬಲ್ ಸಾಗುವ ದಾರಿಯೇ ತಪ್ಪಾಗಿದೆ. ತಂತಿ ಕಡಿದೇ ಇಲ್ಲ, ಆದರೆ ಕೆಳತುದಿಯ ಚೌಕದ ಮೂಲೆಗಳು ಉರುಟಾಗಿವೆ ಎಂದರೆ ಸವೆತ. ಅದು ಕೂಡುವ ಗೇರಿನ ಕುಳಿಯೂ ಸವೆದಿರಬಹುದು.

ಹೊಸ ಕೇಬಲ್ ಕೊಳ್ಳುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ. ಉದ್ದ, ಎರಡೂ ತುದಿಗಳ ಆಕಾರ, ನಟ್ಟಿನ ಥ್ರೆಡ್ ಒಂದಕ್ಕೊಂದು ತಾಳೆಯಾಗಬೇಕು. ಒಂದೇ ಹೆಸರಿನ ಬೈಕಿನಲ್ಲೂ ಡ್ರಮ್ ಬ್ರೇಕಿನ ಮಾದರಿಗೂ ಡಿಸ್ಕ್ ಮಾದರಿಗೂ ಕೇಬಲ್ ಬೇರೆಯಿರಬಹುದು. ಒಳತಂತಿ ಒಂದು ಬೆರಳಗಲ ಉದ್ದವಾದರೂ ನಟ್ಟು ಬಿಗಿದಾಗ ಅದು ಮೀಟರಿನ ಒಳಭಾಗವನ್ನು ಮೇಲಕ್ಕೆ ಒತ್ತಿ ಹಾಳುಮಾಡುತ್ತದೆ.

ಹಂತ 4: ಚಕ್ರದ ಗೇರ್ ನೋಡಿ

ಕೇಬಲ್ ಹೊರತೆಗೆದ ಸ್ಥಿತಿಯಲ್ಲಿ ಬ್ರೇಕ್ ಪ್ಲೇಟಿನ ಆ ತೂತಿಗೆ ಟಾರ್ಚ್ ಬಿಟ್ಟು ಚಕ್ರ ತಿರುಗಿಸಿ. ಒಳಗಿನ ಪಿನಿಯನ್, ಅಂದರೆ ಕೇಬಲ್ಲನ್ನು ತಿರುಗಿಸುವ ಪುಟ್ಟ ಹಲ್ಲುಚಕ್ರ, ತಿರುಗಬೇಕು. ತಿರುಗಿದರೆ, ಹಳೆಯ ಒಳತಂತಿಯ ಕೆಳಚೌಕವನ್ನು ಅದರಲ್ಲಿ ಕೂರಿಸಿ ಬೆರಳಲ್ಲಿ ಹಿಡಿದು ಜಾರುತ್ತದೆಯೇ ನೋಡಿ. ತಿರುಗದಿದ್ದರೆ, ಅಥವಾ ಜಾರಿದರೆ, ಚಕ್ರ ಬಿಚ್ಚಬೇಕು. ಈ ಕೆಲಸದ ಅಭ್ಯಾಸ ಇಲ್ಲದವರು ಇಲ್ಲಿಂದ ಮುಂದಕ್ಕೆ ಮೆಕ್ಯಾನಿಕ್‌ಗೆ ಬಿಡುವುದು ಒಳ್ಳೆಯದು. ಏಕೆಂದರೆ ಇಲ್ಲಿ ಆಗುವ ತಪ್ಪಿಗೆ ಬೆಲೆ ತೆರುವುದು ಮೀಟರ್ ಅಲ್ಲ, ಮುಂದಿನ ಬ್ರೇಕ್.

ಡ್ರಮ್ ಬ್ರೇಕಿನ ಬೈಕಿನಲ್ಲಿ ಬ್ರೇಕ್ ಕೇಬಲ್ ಬಿಡಿಸಿ, ಸ್ಪ್ಲಿಟ್ ಪಿನ್ ಇದ್ದರೆ ತೆಗೆದು, ಆಕ್ಸಲ್ ನಟ್ಟು ಬಿಚ್ಚಿ ಆಕ್ಸಲ್ ಎಳೆಯಿರಿ. ಬುಷ್ (ಆಕ್ಸಲ್ ಮೇಲೆ ಕೂರುವ ಲೋಹದ ಕೊಳವೆ) ಯಾವ ಬದಿಯಲ್ಲಿತ್ತು, ಯಾವ ಮುಖ ಹೊರಗಿತ್ತು ಎಂದು ಬಿಚ್ಚುವ ಮೊದಲೇ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ಹೊರಗಿರುವಷ್ಟು ಹೊತ್ತು ಬ್ರೇಕ್ ಹಿಡಿಯನ್ನು ಮುಟ್ಟಬೇಡಿ. ಕ್ಯಾಲಿಪರಿನ, ಅಂದರೆ ಡಿಸ್ಕನ್ನು ಅಮುಕುವ ಭಾಗದ, ಪಿಸ್ಟನ್ ಹೊರಗೆ ಬರುತ್ತದೆ. ಪ್ಯಾಡ್‌ಗಳ ನಡುವೆ ದಪ್ಪ ರಟ್ಟು ಸಿಕ್ಕಿಸಿಡಿ. ಡ್ರಮ್ಮಿನೊಳಗಿನ ದೂಳನ್ನು ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಈಗ ನೋಡಬೇಕಾದ್ದು ಮೂರು. ಹಬ್‌ನ ತಿರುಗಾಟವನ್ನು ಗೇರಿಗೆ ಕೊಡುವ ಎರಡು ಪುಟ್ಟ ಕಿವಿಗಳು ಬಾಗಿವೆಯೇ, ಮುರಿದಿವೆಯೇ? ದೊಡ್ಡ ಗೇರಿನ ಹಲ್ಲು ಸವೆದಿದೆಯೇ? ಪಿನಿಯನ್ ಬೆರಳಲ್ಲಿ ತಿರುಗಿಸಿದರೆ ಹಗುರವಾಗಿ ತಿರುಗುತ್ತದೆಯೇ? ಗಟ್ಟಿಯಾಗಿ ಕಪ್ಪು ಮೇಣದಂತಾದ ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಹೊಸ ಗ್ರೀಸನ್ನು ಗೇರಿಗೆ ಮಾತ್ರ ತೆಳುವಾಗಿ ಸವರಿ. ಬ್ರೇಕ್ ಶೂಗಾಗಲಿ ಡ್ರಮ್ಮಿಗಾಗಲಿ ಒಂದು ಹನಿ ತಾಗಿದರೂ ಬ್ರೇಕ್ ಹಿಡಿಯುವುದಿಲ್ಲ. ಹಲ್ಲು ಸವೆದಿದ್ದರೆ ಗೇರ್ ಮತ್ತು ಪಿನಿಯನ್ ಎರಡನ್ನೂ ಜೋಡಿಯಾಗಿಯೇ ಬದಲಿಸಿ. ಹಳೆಯ ಗೇರಿಗೆ ಹೊಸ ಪಿನಿಯನ್ ಕೂರಿಸಿದರೆ ಎರಡೂ ಬೇಗ ಸವೆಯುತ್ತವೆ.

ಪಂಕ್ಚರ್ ನಂತರ ಮೀಟರ್ ನಿಲ್ಲುವ ಗುಟ್ಟು ಇರುವುದು ಆ ಎರಡು ಕಿವಿಗಳಲ್ಲಿ. ಚಕ್ರ ಮರಳಿ ಕೂರಿಸುವಾಗ ಕಿವಿಗಳು ಅವುಗಳ ಕಚ್ಚಿನೊಳಗೆ ಕೂರಬೇಕು. ಕೂರದೆ ಮೇಲೆಯೇ ನಿಂತಿರುವಾಗ ಆಕ್ಸಲ್ ಬಿಗಿದರೆ ಅವು ಚಪ್ಪಟೆಯಾಗುತ್ತವೆ ಅಥವಾ ಮುರಿಯುತ್ತವೆ. ಬ್ರೇಕ್ ಪ್ಲೇಟ್ ಅಥವಾ ಗೇರ್ ಡಬ್ಬಿಯನ್ನು ಹಬ್‌ಗೆ ಒತ್ತಿ ಹಿಡಿದು ಅತ್ತಿತ್ತ ಸ್ವಲ್ಪ ತಿರುಗಿಸಿ. ಕಿವಿಗಳು ಕಚ್ಚಿಗೆ ಬಿದ್ದಾಗ ಅದು ಒಳಕ್ಕೆ ಇಳಿದದ್ದು ಕೈಗೇ ತಿಳಿಯುತ್ತದೆ.

ಎರಡನೆಯ ಹೊಂದಿಕೆ ಇದಕ್ಕಿಂತ ಮುಖ್ಯ. ಡ್ರಮ್ ಬ್ರೇಕ್ ಪ್ಲೇಟಿನ ಹೊರಗಿನ ಕಚ್ಚು ಫೋರ್ಕ್ ಕಾಲಿನ ಉಬ್ಬಿಗೆ ಸಿಕ್ಕಿಕೊಂಡಿರಲೇಬೇಕು. ಬ್ರೇಕ್ ಹಿಡಿದಾಗ ಪ್ಲೇಟ್ ಚಕ್ರದ ಜೊತೆ ತಿರುಗದಂತೆ ತಡೆಯುವುದು ಅದೊಂದೇ. ಅದು ತಪ್ಪಿದ್ದರೆ ಮೊದಲ ಜೋರು ಬ್ರೇಕಿಗೇ ಮುಂದಿನ ಚಕ್ರ ಲಾಕ್ ಆಗಿ ಸವಾರ ನೆಲಕ್ಕೆ ಬೀಳುತ್ತಾನೆ. ಆಕ್ಸಲ್ ಬಿಗಿದ ಮೇಲೆ ಆ ಜಾಗವನ್ನು ಕಣ್ಣಾರೆ ನೋಡಿ, ಕೈಯಿಂದ ಮುಟ್ಟಿ ಖಚಿತಪಡಿಸಿಕೊಳ್ಳಿ. ಪಂಕ್ಚರ್ ಅಂಗಡಿಯಲ್ಲಿ ಚಕ್ರ ಹಾಕಿಸಿದಾಗಲೂ ಹೊರಡುವ ಮೊದಲು ಇದನ್ನು ನೋಡಿಕೊಳ್ಳಿ.

ಹಂತ 5: ಮೀಟರ್ ಹಗುರವಾಗಿ ತಿರುಗುತ್ತದೆಯೇ?

ಹೊಸ ಕೇಬಲ್ ಹಾಕುವ ಮುನ್ನ ಈ ಪರೀಕ್ಷೆ ಕಡ್ಡಾಯ. ಹಳೆಯ ಒಳತಂತಿಯ ಮೇಲ್ತುದಿಯ ಒಂದು ಗೇಣುದ್ದದ ತುಂಡನ್ನು ಮೀಟರಿನ ಬುಡದ ಚೌಕ ತೂತಿಗೆ ಕೂರಿಸಿ, ಹೆಬ್ಬೆರಳು ತೋರುಬೆರಳ ನಡುವೆ ಉರುಳಿಸಿ. ತಡೆಯಿಲ್ಲದೆ ತಿರುಗಬೇಕು. ಚುರುಕಾಗಿ ಉರುಳಿಸಿದರೆ ಮುಳ್ಳು ಒಂದಿಷ್ಟು ಕದಲಬೇಕು. ಬಿಗಿ ಎನಿಸಿದರೆ, ತರಿತರಿಯಾಗಿ ತಿರುಗಿದರೆ, ತಂತಿಯೇ ಬಾಗಿ ಸುರುಳಿಯಾದರೆ, ಹೊಸ ಕೇಬಲ್ ಕಡಿಯುವುದು ಖಂಡಿತ.

ಕೆಲವು ಬಿಗಿ ಮೀಟರ್‌ಗಳು ಬುಡದ ಬುಷ್‌ಗೆ ಹೊಲಿಗೆ ಯಂತ್ರದ ಎಣ್ಣೆಯ ಒಂದೇ ಹನಿ ಬಿಟ್ಟು, ನಿಧಾನವಾಗಿ ತಿರುಗಿಸಿದಾಗ ಸಡಿಲಗೊಳ್ಳುತ್ತವೆ. ಒಂದು ಹನಿ ಎಂದರೆ ಒಂದೇ ಹನಿ. ಹೆಚ್ಚಾದರೆ ಎಣ್ಣೆ ಬಟ್ಟಲಿಗೆ ಏರಿ ಮುಳ್ಳು ಹುಚ್ಚೆದ್ದು ಕುಣಿಯುತ್ತದೆ. ಇಷ್ಟಕ್ಕೂ ಬಗ್ಗದಿದ್ದರೆ ಮೀಟರ್ ರಿಪೇರಿ ಮಾಡುವವರಿಗೆ ಕೊಡಿ ಅಥವಾ ಬದಲಿಸಿ. ಗಾಜಿನ ಸುತ್ತಲಿನ ಕಟ್ಟನ್ನು ಚಾಕುವಿನಿಂದ ಎಬ್ಬಿ ತೆರೆಯಲು ಹೋಗಬೇಡಿ. ಆ ಸ್ಪ್ರಿಂಗ್ ಒಮ್ಮೆ ಸೊಟ್ಟಗಾದರೆ ಮುಳ್ಳು ತೋರಿಸುವ ವೇಗವನ್ನು ಮತ್ತೆ ನಂಬುವಂತಿಲ್ಲ.

ಹಂತ 6: ಕೇಬಲ್ ಕೂರಿಸುವ ಕ್ರಮ

ಒಳತಂತಿಯನ್ನು ಹೊರತೆಗೆಯಲು ಬರುವಂತಿದ್ದರೆ ತೆಗೆದು, ಕೆಳಗಿನ ಮುಕ್ಕಾಲು ಭಾಗಕ್ಕೆ ಗ್ರೀಸನ್ನು ಬೆರಳಿನಿಂದ ತೆಳುವಾಗಿ ಸವರಿ. ಮೇಲಿನ ಒಂದು ಗೇಣು ಒಣಗಿಯೇ ಇರಲಿ. ತಂತಿ ತಿರುಗುತ್ತಾ ಗ್ರೀಸನ್ನು ಮೇಲಕ್ಕೆ ಏರಿಸುತ್ತದೆ. ತುದಿಯವರೆಗೂ ಹಚ್ಚಿದರೆ ಅದು ಸೇರುವುದು ಮೀಟರಿನ ಹೊಟ್ಟೆಗೆ. ಕೇಬಲ್ ಸರಾಗವಾಗಲಿ ಎಂದು ಬಾಯಿಗೆ ಇಂಜಿನ್ ಆಯಿಲ್ ಸುರಿಯುವುದು ಇನ್ನೂ ಕೆಟ್ಟದ್ದು.

ಮೊದಲು ಕೆಳತುದಿ. ಕೇಬಲ್ಲನ್ನು ತೂತಿಗೆ ತೂರಿಸಿ, ಚಕ್ರವನ್ನು ನಿಧಾನವಾಗಿ ತಿರುಗಿಸಿ. ಚೌಕ ತನ್ನ ಕುಳಿಗೆ ಬಿದ್ದಾಗ ಕೇಬಲ್ ತಾನಾಗಿ ಒಳಸರಿಯುತ್ತದೆ. ಸ್ಕ್ರೂ ಬಿಗಿಯಿರಿ. ನಂತರ ಫೋರ್ಕ್, ಮಡ್‌ಗಾರ್ಡ್ ಮೇಲಿನ ಕೊಂಡಿಗಳ ಮೂಲಕ ಹಳೆಯ ಕೇಬಲ್ ಹೋಗಿದ್ದ ದಾರಿಯಲ್ಲೇ ಸಾಗಿಸಿ. ಮೇಲೆ ಜೋಡಿಸುವ ಮುನ್ನ ಇನ್ನೊಮ್ಮೆ ಚಕ್ರ ತಿರುಗಿಸಿ ತುದಿ ತಿರುಗುವುದನ್ನು ನೋಡಿ. ಕೊನೆಗೆ ಮೇಲಿನ ನಟ್ಟನ್ನು ಬೆರಳಿನಿಂದಲೇ ಪೂರ್ತಿ ಸುತ್ತಿ, ಸ್ಪ್ಯಾನರಿನಲ್ಲಿ ಸ್ವಲ್ಪ ಮಾತ್ರ ಬಿಗಿ ಮಾಡಿ. ಅರ್ಧದಲ್ಲೇ ನಟ್ಟು ನಿಂತರೆ ಚೌಕ ಕೂತಿಲ್ಲ ಅಥವಾ ಥ್ರೆಡ್ ಅಡ್ಡ ಹತ್ತಿದೆ. ಬಲ ಹಾಕದೆ ಬಿಚ್ಚಿ ಮತ್ತೆ ಕೂರಿಸಿ.

ಹ್ಯಾಂಡಲ್ಲನ್ನು ಎಡಬಲ ಕೊನೆಯವರೆಗೆ ತಿರುಗಿಸಿ, ಬೈಕ್ ಮೇಲೆ ಕುಳಿತು ಮುಂಭಾಗವನ್ನು ಒತ್ತಿ ನೋಡಿ. ಯಾವ ಸ್ಥಿತಿಯಲ್ಲೂ ಕೇಬಲ್ ಸೆಟೆಯಬಾರದು, ಮಡಿಚಬಾರದು, ಟೈರಿಗೆ ತಾಗಬಾರದು. ಚಕ್ರ ಬಿಚ್ಚಿದ್ದವರು ಬ್ರೇಕ್ ಹಿಡಿಯ ಸಡಿಲವನ್ನು ಹೊಂದಿಸಿ. ಡಿಸ್ಕ್ ಇದ್ದರೆ ಹಿಡಿ ಗಟ್ಟಿಯಾಗುವವರೆಗೆ ಕೆಲವು ಬಾರಿ ಒತ್ತಿ, ಆಮೇಲೆ ಮಾತ್ರ ರಸ್ತೆಗಿಳಿಯಿರಿ.

ಹಂತ 7: ಸೆನ್ಸರ್ ಮೀಟರ್ ಇದ್ದರೆ

ಇಲ್ಲಿ ಮೊದಲ ಪ್ರಶ್ನೆ: ಇಡೀ ಮೀಟರ್ ಆರಿದೆಯೇ, ವೇಗವೊಂದೇ ಸೊನ್ನೆಯೇ? ಪೆಟ್ರೋಲ್ ಮಟ್ಟ, ನ್ಯೂಟ್ರಲ್ ದೀಪ, ಎಲ್ಲವೂ ಆರಿದ್ದರೆ ಫ್ಯೂಸ್ ಅಥವಾ ಮೀಟರಿನ ಕನೆಕ್ಟರ್ ನೋಡಿ. ಸುಟ್ಟ ಫ್ಯೂಸಿನ ಜಾಗಕ್ಕೆ ಅದೇ ಆಂಪಿಯರಿನ ಫ್ಯೂಸನ್ನೇ ಹಾಕಿ. ಮತ್ತೆ ಸುಟ್ಟರೆ ಎಲ್ಲೋ ವೈರ್ ಚಾಸಿಗೆ (ಬೈಕಿನ ಲೋಹದ ಚೌಕಟ್ಟು) ತಾಗುತ್ತಿದೆ; ಫ್ಯೂಸಿನ ಬದಲು ದಪ್ಪ ತಂತಿ ಸುತ್ತಿ ಓಡಿಸಿದರೆ ವೈರಿಂಗ್ ಹೊತ್ತಿಕೊಳ್ಳುತ್ತದೆ.

ವೇಗ ಮಾತ್ರ ಸೊನ್ನೆ ಇದ್ದರೆ ಸೆನ್ಸರಿನಿಂದ ಶುರುಮಾಡಿ. ಅದು ಮುಂದಿನ ಚಕ್ರದಲ್ಲಿರಬಹುದು, ಕೆಲವು ಮಾದರಿಗಳಲ್ಲಿ ಇಂಜಿನ್ ಸ್ಪ್ರಾಕೆಟ್ ಬಳಿ ಇರಬಹುದು. ಮೂತಿಗೆ ಮೆತ್ತಿದ ಕೆಸರು, ಕಬ್ಬಿಣದ ಪುಡಿ ಒರೆಸಿ. ಬೋಲ್ಟ್ ಸಡಿಲವಾಗಿ ಸೆನ್ಸರ್ ಹಿಂದೆ ಸರಿದಿದೆಯೇ ನೋಡಿ. ವೈರನ್ನು ಅಲ್ಲಿಂದ ಮೀಟರಿನವರೆಗೆ ಬೆರಳಲ್ಲಿ ತಡವುತ್ತಾ ಬನ್ನಿ. ಹ್ಯಾಂಡಲ್ ತಿರುಗುವ ಕುತ್ತಿಗೆಯ ಬಳಿ ಹೊರಗೆ ಏನೂ ಕಾಣದಿದ್ದರೂ ಒಳಗಿನ ತಾಮ್ರ ಕಡಿದಿರುತ್ತದೆ. ನೆಲಮಾಳಿಗೆಯಲ್ಲಿ ನಿಲ್ಲಿಸುವ ಬೈಕಿಗೆ ಇಲಿಗಳ ಕಾಟ ಬೇರೆ. ಜೋರು ನೀರಿನಲ್ಲಿ ತೊಳೆಸಿದ ಮೇಲೆ ವೇಗ ಹೋಯಿತೆಂದರೆ ಕನೆಕ್ಟರ್ ಬಿಚ್ಚಿ: ಪಿನ್ನುಗಳಲ್ಲಿ ಹಸಿರು ಕಿಲುಬಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಒಣಗಿಸಿ, ಮರಳಿ ಕ್ಲಿಕ್ ಎನ್ನುವವರೆಗೆ ಒತ್ತಿ.

ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ ಬೈಕುಗಳ ಮೂರು ವೈರಿನ ಸೆನ್ಸರ್ ಸಾಮಾನ್ಯವಾಗಿ ಹಾಲ್ ಬಗೆಯದು, ಅಂದರೆ ಕಾಂತಕ್ಷೇತ್ರದ ಬದಲಾವಣೆ ಗ್ರಹಿಸುವಂಥದ್ದು. ಒಂದು ವೈರ್ ವಿದ್ಯುತ್ ಪೂರೈಕೆ, ಒಂದು ಅರ್ತ್, ಇನ್ನೊಂದು ಸಿಗ್ನಲ್. ಕೀ ಆನ್ ಮಾಡಿ ಮಲ್ಟಿಮೀಟರಿನಲ್ಲಿ ಪೂರೈಕೆ ಅಳೆಯಿರಿ. ಮಾದರಿಗೆ ತಕ್ಕಂತೆ 5 ಅಥವಾ 12 ವೋಲ್ಟ್ ಸುಮಾರಿಗೆ ಇರಬೇಕು. ಇಲ್ಲದಿದ್ದರೆ ದೋಷ ವೈರಿಂಗ್ ಅಥವಾ ಮೀಟರಿನದು. ಪೂರೈಕೆ ಇದ್ದರೆ ಕನೆಕ್ಟರ್ ಜೋಡಿಸಿದ ಸ್ಥಿತಿಯಲ್ಲೇ ಹಿಂಬದಿಯಿಂದ ಸಿಗ್ನಲ್ ವೈರಿಗೆ ತೆಳು ಪಿನ್ ತಾಗಿಸಿ, ಚಕ್ರವನ್ನು ಬಹಳ ನಿಧಾನವಾಗಿ ತಿರುಗಿಸಿ. ವೋಲ್ಟ್ ಏರುತ್ತಾ ಇಳಿಯುತ್ತಾ ಇದ್ದರೆ ಸೆನ್ಸರ್ ಜೀವಂತ. ಅದೇ ಏರಿಳಿತ ಮೀಟರಿನ ಕನೆಕ್ಟರಿನಲ್ಲೂ ಸಿಕ್ಕರೆ ಮೀಟರ್ ದೋಷ. ಸಿಗದಿದ್ದರೆ ನಡುವಿನ ವೈರ್. ಬ್ಯಾಟರಿಯಿಂದ ನೇರವಾಗಿ ವಿದ್ಯುತ್ ಕೊಟ್ಟು ಪರೀಕ್ಷಿಸಬೇಡಿ, ಬಲ್ಬ್ ಟೆಸ್ಟರ್ ಕೂಡ ಬೇಡ.

ಎಬಿಎಸ್ ಇರುವ ಬೈಕಿನಲ್ಲಿ ವೇಗ ಹೋಗಿದ್ದು, ಹೊರಟು ಸ್ವಲ್ಪ ದೂರ ಸಾಗಿದ ಮೇಲೂ ಎಬಿಎಸ್ ದೀಪ ಆರದಿದ್ದರೆ ಚಕ್ರದ ಸೆನ್ಸರ್ ಅಥವಾ ಅದರ ಎದುರಿನ ರಂಧ್ರಗಳ ಉಂಗುರವೇ ಮೊದಲ ಶಂಕಿತ. ಉಂಗುರ ಬಾಗಿದೆಯೇ, ಕೆಸರು ತುಂಬಿದೆಯೇ ನೋಡಿ, ಒರೆಸಿ. ಅಷ್ಟಕ್ಕೆ ನಿಲ್ಲಿಸಿ. ಮುಂದಿನದು ದೋಷಸಂಕೇತ ಓದುವ ಯಂತ್ರ ಇರುವ ಸರ್ವಿಸ್ ಕೇಂದ್ರದ ಕೆಲಸ. ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಒಂದೇ ಚಕ್ರ ತಿರುಗಿಸಿದಾಗಲೂ ಈ ದೀಪ ಹೊತ್ತಬಹುದು. ಕೀ ಆಫ್ ಮಾಡಿ ಮತ್ತೆ ಆನ್ ಮಾಡಿ ಓಡಿಸಿದಾಗ ಆರಿದರೆ ಗಾಬರಿ ಬೇಡ.

ಸೆನ್ಸರ್ ಬದಲಿಸುವಾಗ ನಿಮ್ಮ ಮಾದರಿಯದ್ದನ್ನೇ ತನ್ನಿ. ಒಂದು ಸುತ್ತಿಗೆ ಕೊಡುವ ಸಂಕೇತಗಳ ಸಂಖ್ಯೆ ಬೇರೆಯಾದರೆ ಮೀಟರ್ ಓಡುತ್ತದೆ, ಆದರೆ ತಪ್ಪು ವೇಗ ತೋರಿಸುತ್ತದೆ.

ಹಂತ 8: ಓಡಿಸಿ ತಾಳೆ ನೋಡಿ

ಮೊಬೈಲಿನ ಜಿಪಿಎಸ್ ವೇಗಮಾಪಕವನ್ನು ಹ್ಯಾಂಡಲಿನ ಹೋಲ್ಡರಿನಲ್ಲಿ ಕೂರಿಸಿ, ನೇರ ರಸ್ತೆಯಲ್ಲಿ 40ರ ಸಮವೇಗದಲ್ಲಿ ಹೋಗಿ. ಬೈಕಿನ ಮೀಟರ್ ಜಿಪಿಎಸ್‌ಗಿಂತ ಸ್ವಲ್ಪ ಹೆಚ್ಚು ತೋರಿಸುವುದು ಸಹಜ. ಕಡಿಮೆ ತೋರಿಸಿದರೆ, ಅಥವಾ ವ್ಯತ್ಯಾಸ ತೀರಾ ಹೆಚ್ಚಿದ್ದರೆ, ಹಾಕಿದ ಗೇರ್, ಮೀಟರ್ ಅಥವಾ ಸೆನ್ಸರ್ ನಿಮ್ಮ ಮಾದರಿಯದಲ್ಲದಿರಬಹುದು. ಅಂಕಿಗಳನ್ನು ತಾಳೆ ನೋಡಲು ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳಿವೆ. ಒಂದೇ ಕಲ್ಲನ್ನು ನಂಬದೆ ಹತ್ತು ಕಲ್ಲು ದಾಟಿ ಲೆಕ್ಕ ಹಾಕಿ.

ಮೀಟರ್ ನಿಂತಿದ್ದ ಅವಧಿಯಲ್ಲಿ ಓಡಿದ ದೂರ ಅಂಕಿಯಲ್ಲಿ ಸೇರುವುದಿಲ್ಲ. ಹಾಗಾಗಿ ಇಂಜಿನ್ ಆಯಿಲ್ ಬದಲಿಸುವ ದಿನವನ್ನು ಆ ಅಂಕಿ ನೋಡಿ ನಿರ್ಧರಿಸದೆ, ಹಿಂದಿನ ಸಲ ಬದಲಿಸಿದ ದಿನಾಂಕದಿಂದ ಅಂದಾಜು ಮಾಡಿ. ಮೀಟರ್ ಪೂರ್ತಿ ಬದಲಿಸಿದ್ದರೆ ಹಳೆಯ ಮೀಟರಿನ ಕೊನೆಯ ಅಂಕಿಯ ಫೋಟೊ ತೆಗೆದಿಡಿ. ಆ ಅಂಕಿಯನ್ನೂ ಬದಲಿಸಿದ ದಿನಾಂಕವನ್ನೂ ಸರ್ವಿಸ್ ಪುಸ್ತಕದಲ್ಲಿ ಬರೆದು, ಬಿಡಿಭಾಗದ ಬಿಲ್ಲನ್ನು ಅದರೊಳಗೇ ಅಂಟಿಸಿಡಿ. ಬೈಕ್ ಮಾರುವ ದಿನ ಕೊಳ್ಳುವವರಿಗೆ ತೋರಿಸಬೇಕಾದ ದಾಖಲೆ ಅದು.